ಮಾದಯ್ಯನ ಮೈಕು, ಬಾವಿಯ ದೆವ್ವ

ಟಿ. ನರಸೀಪುರದ ಟಾಕೀಸಿಗೆ ಯಾವ ಸಿನಿಮಾ ಬಂದಿದೆ ಅಂತ ತಿಳಿಯಲು ಆಗೆಲ್ಲ ಗೋಡೆ ನೋಡಬೇಕಾಗಿರಲಿಲ್ಲ, ಮಾದಯ್ಯನ ಗಂಟಲು ಸಾಕಿತ್ತು. ಜಟಕಾದ ಎರಡೂ ಕಡೆ ಪೋಸ್ಟರು, ಮೇಲೊಂದು ಹಾರ್ನು, ಒಳಗೆ ಮೈಕು ಹಿಡಿದ ಮಾದಯ್ಯ. ಅವನು ತೂರುವ ಗುಲಾಬಿ ಬಣ್ಣದ ಕರಪತ್ರಕ್ಕೆ ಮಕ್ಕಳು ಬಿದ್ದೆದ್ದು ಓಡುತ್ತಿದ್ದವು. ಸೋಮನಾಥಪುರದ ಗದ್ದೆಯಲ್ಲಿ ನಾಟಿ ಹಾಕುವ ಹೆಂಗಸರೂ ಸೊಂಟ ನೆಟ್ಟಗೆ ಮಾಡಿಕೊಂಡು ಕೇಳುತ್ತಿದ್ದರು. ಆಮೇಲೆ ವೀಡಿಯೋ ಬಂತು, ಮೈಕು ಅಟ್ಟ ಸೇರಿತು, ಟಾಕೀಸು ಕಲ್ಯಾಣ ಮಂಟಪವಾಯಿತು. ಆಗಲಿ ಬಿಡಿ, ಆ ಕರಪತ್ರದ ಖುಷಿ ಮಾತ್ರ ಮತ್ತೆ ಬರಲಿಲ್ಲ.

ಇಂಥ ಮಾದಯ್ಯ ಮನೆಯೊಳಗೆ ಕಾಲಿಟ್ಟರೆ ಮೂಗ. ಅವನವ್ವ ಪುಟ್ಟಬಸಮ್ಮ ಹಾಕಿದ ಗೆರೆ ದಾಟುವ ಗಂಡಸು ಆ ಮನೆಯಲ್ಲಿ ಹುಟ್ಟಿರಲಿಲ್ಲ. ಎಪ್ಪತ್ತೆಂಟರ ಬೇಸಿಗೆಯಲ್ಲಿ ಅವನ ಹೆಂಡತಿ ಮಲ್ಲಾಜಮ್ಮನಿಗೆ ನಂಜನಗೂಡಿನ ಕಡೆಯ ತವರು ದೇವನೂರಿನಿಂದ ಸುದ್ದಿ ಬಂತು. ಹೆತ್ತ ತಾಯಿ ಸಾಕಮ್ಮ ಹಾಸಿಗೆ ಹಿಡಿದಿದ್ದಾಳೆ, ಮಗಳ ಮುಖ ಒಂದು ಸಲ ನೋಡಬೇಕಂತೆ.

"ಓದ್ಸಲ ನಾಕು ದಿನ ಅಂತ ಓದೋಳು ತಿಂಗ್ಳು ಕುಂತ್ಲು. ಇಲ್ಲಿ ದನಕ್ಕೆ ಉಲ್ಲು ಯಾರಾಕಾರು?" ಅಂದಳು ಪುಟ್ಟಬಸಮ್ಮ. ಮುಗಿಯಿತು. ಮಾದಯ್ಯ ಅವ್ವನ ಮುಂದೆ ನಿಂತ, ಕೆಮ್ಮಿದ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಟಾಕೀಸಿನ ದಾರಿ ಹಿಡಿದ.

ಸಂಜೆ ಟಾಕೀಸಿಗೆ ಬುತ್ತಿ ತಂದ ಮಲ್ಲಾಜಮ್ಮ ಸುಮ್ಮನಿರಲಿಲ್ಲ. "ತಾಲ್ಲೂಕಿಗೇ ಕೇಳಂಗೆ ಕೂಗ್ತೀರಿ. ಅಡುಗೆಮನೆಗೆ ಕೇಳಂಗೆ ಒಂದ್ಮಾತು ಆಡಕ್ಕಾಗಲ್ವಾ?"

ಆ ವಾರವೇ ಟಾಕೀಸಿಗೆ ಒಂದು ದೆವ್ವದ ಸಿನಿಮಾ ಬಂದಿತ್ತು, ನಂಜನಗೂಡಿನಲ್ಲಿ ಮಕಾಡೆ ಮಲಗಿ ಎದ್ದು ಬಂದದ್ದು. ಮಾದಯ್ಯ ಪಡ್ಡೆ ಹುಡುಗರಿಗೆ ಸವಾಲು ಹಾಕಿದ: "ಗುಂಡಿಗೆ ಗಟ್ಟಿ ಇರೋ ಗಂಡಸರು ಮಾತ್ರ ಬನ್ನಿ! ಹೆಂಗಸರು ದಯವಿಟ್ಟು ಬರಬೇಡಿ!" ಗಂಡಸರ ಗುಂಡಿಗೆ ಎಷ್ಟು ಗಟ್ಟಿ ಅಂತ ಆಗ ಗೊತ್ತಾಯಿತು ನೋಡಿ. ಆಟ ಬಿಟ್ಟ ಮೇಲೆ ಸ್ಮಶಾನ ದಾಟಿ ಮನೆಗೆ ಹೋಗಬೇಕಲ್ಲ ಅಂತ ಒಬ್ಬನೂ ಆ ಕಡೆ ಸುಳಿಯಲಿಲ್ಲ. ಟಾಕೀಸಿನ ಮಾಲೀಕ ಶಂಭುಲಿಂಗಪ್ಪ ನೊಣ ಹೊಡೆಯುತ್ತ ಕೂತ.

ಮಲ್ಲಾಜಮ್ಮ ಮಾತ್ರ ಬುತ್ತಿ ಕೊಟ್ಟವಳು ಹಾಗೇ ಹೆಂಗಸರ ಬೆಂಚಿನಲ್ಲಿ ಕೂತು ಪೂರ್ತಿ ನೋಡಿದಳು. ಹೊರಗೆ ಬಂದಾಗ ಸೆರಗೆಲ್ಲ ಒದ್ದೆ.

"ಅಷ್ಟು ಎದ್ರುಬುಟ್ಟಾ?" ಅಂದ ಮಾದಯ್ಯ.

"ಆ ದೆವ್ವಕ್ಯಾಕೆ ಎದ್ರಲಿ? ಬದುಕಿದ್ದಾಗ ತವರಿಗೆ ಕಳ್ಸಿ ಅಂತ ಕಾಲಿಡ್ಕಂಡ್ಲು ಪಾಪ. ಅತ್ತೆ ಕಳಿಸ್ಲಿಲ್ಲ, ಗಂಡ ಬಾಯಿ ಬಿಡ್ಲಿಲ್ಲ. ಬಾವಿಗೆ ಬಿದ್ಲು. ದೆವ್ವ ಆಗಿ ಮೊದ್ಲು ಓಗಿದ್ದು ಎಲ್ಗೆ ಗೊತ್ತಾ? ತವರಿಗೇ."

ಅವತ್ತು ಮಾದಯ್ಯ ಮುದ್ದೆ ಮುಟ್ಟಲಿಲ್ಲ.

ಬೆಳಿಗ್ಗೆ ಎದ್ದವನೇ ಶಂಭುಲಿಂಗಪ್ಪನ ಮುಂದೆ ನಿಂತ. "ಸಾ, ಇದು ಪಡ್ಡೆ ಐಕಳ ಸಿನಿಮಾ ಅಲ್ಲ, ಹೆಂಗಸ್ರುದು. ಭಾನುವಾರ ಮಧ್ಯಾಹ್ನದ ಆಟ ಇಡಿ. ಬೆಳಕಿದ್ದಂಗೇ ಮನೆ ಸೇರ್ಕತಾರೆ."

"ದೆವ್ವ ನೋಡಕ್ಕೆ ಹೆಂಗಸ್ರಾ? ತಲೆಗಿಲೆ ಕೆಟ್ಟದೇನ್ಲಾ?" ಅಂದ ಶಂಭುಲಿಂಗಪ್ಪ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಅಂತ ಕೊನೆಗೆ ಒಪ್ಪಿಕೊಂಡ.

ಜಟಕಾ ಕೇರಿ ಕೇರಿ ಸುತ್ತಿತು. ಮಾದಯ್ಯ ಅದನ್ನು ತನ್ನ ಮನೆ ಬಾಗಿಲಲ್ಲೇ ನಿಲ್ಲಿಸಿದ.

"ತಾಯಂದಿರೇ! ತವರಿಗೆ ಹೋಗಬೇಕು ಅಂತ ಅತ್ತು ಅತ್ತು ಸತ್ತ ಸೊಸೆಯ ಕಥೆ! ಬಿಡದ ಅತ್ತೆಯ ಕಥೆ! ಬಾಯಿ ಸತ್ತ ಗಂಡನ ಕಥೆ! ಅತ್ತೆಯರೇ, ಸೊಸೆಯರನ್ನ ಕರ್ಕೊಂಡು ಬನ್ನಿ!"

ಜಗುಲಿಯಲ್ಲಿ ರಾಗಿ ಕೇರುತ್ತಿದ್ದ ಪುಟ್ಟಬಸಮ್ಮ ಮೊರ ಕೆಳಗಿಟ್ಟು ಮಗನನ್ನೇ ನೋಡಿದಳು. ಮಾದಯ್ಯ ಕಣ್ಣು ತಗ್ಗಿಸಿದ, ಆದರೆ ಮೈಕು ಇಳಿಸಲಿಲ್ಲ. ಇನ್ನೊಂದು ಸಲ ಅದನ್ನೇ ಕೂಗಿದ.

ಭಾನುವಾರ, ಅಬ್ಬಬ್ಬಾ, ಆ ಜನ! ಸೋಮನಾಥಪುರದ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದರು. ತಗಡಿನ ಸೂರಿನ ಕೆಳಗೆ ಆ ಬಿಸಿಲಲ್ಲಿ ಬೆವರೂ ಕಣ್ಣೀರೂ ಒಂದಾಗಿ ಹರಿದವು. ದೆವ್ವ ಬಂದು ಅತ್ತೆಯ ತುರುಬು ಹಿಡಿದಾಗ, ಹುಟ್ಟಿದಾಗಿನಿಂದ ದನಿ ಎತ್ತದ ಸೊಸೆಯರೆಲ್ಲ "ಬುಡಬ್ಯಾಡ ಕನವ್ವಾ!" ಅಂತ ಚಪ್ಪಾಳೆ ತಟ್ಟಿದರು. ಮಲ್ಲಾಜಮ್ಮನನ್ನು ಕರೆದುಕೊಂಡು ಬಂದು ಪಕ್ಕದಲ್ಲೇ ಕೂತಿದ್ದ ಪುಟ್ಟಬಸಮ್ಮ ಮಿಸುಕಾಡಲಿಲ್ಲ.

ಮಾರನೆಯ ಬೆಳಿಗ್ಗೆ ಅವಳೇ ರೊಟ್ಟಿ ತಟ್ಟಿ, ಹುಚ್ಚೆಳ್ಳು ಚಟ್ನಿ ಜೊತೆಗೆ ಗಂಟು ಕಟ್ಟಿ ಸೊಸೆಯ ಕೈಲಿಟ್ಟಳು. "ನಂಜನಗೂಡು ಬಸ್ಸು ಎಷ್ಟೊತ್ಗಲಾ?" ಅಂತ ಮಗನನ್ನು ಕೇಳಿದಳು.

ಮಾದಯ್ಯನಿಗೆ ತಡೆಯಲಾಗಲಿಲ್ಲ. "ಯಾಕವ್ವಾ, ದೆವ್ವ ನೋಡಿ ಎದ್ರುಬುಟ್ಟಾ?"

"ದೆವ್ವಕ್ಕೆ ನಾನ್ಯಾಕ್ಲಾ ಎದ್ರಲಿ?" ಅಂದಳು ಪುಟ್ಟಬಸಮ್ಮ, ಸೊಸೆಯ ಸೆರಗು ಸರಿಮಾಡುತ್ತ. "ಆ ಅತ್ತೆ ಮೊಕ ನೋಡ್ದೆ ಕಣ್ಲಾ. ಎದ್ರಿಕೆ ಆಯ್ತು."

ಅವತ್ತು ಮಧ್ಯಾಹ್ನ ದೇವನೂರಿನಲ್ಲಿ ಸಾಕಮ್ಮ ಮಗಳ ಕೈಯಿಂದ ಗಂಜಿ ಕುಡಿದಳು.