ಮುಗಿಲಿನಾಚೆಯಿಂದ ಕಂಡ ಅತ್ತೆಯ ಹೊಲ

ನಿನ್ನೆ ಸಂಜೆ ನಮ್ಮ ಪಡಸಾಲೆಯಲ್ಲಿ ಸಣ್ಣ ಗಲಾಟೆ ನಡೆಯಿತು. ಎರಡನೇ ಇಯತ್ತೆ ಓದುವ ನನ್ನ ತಮ್ಮ ಚಿತ್ರದ ಪುಸ್ತಕದಲ್ಲಿ ಮರಕ್ಕೆ ಕೆಂಪು ಬಣ್ಣ ಬಳಿದಿದ್ದ. ಹಸಿರು ಕ್ರೇಯಾನು ಕಳೆದಿತ್ತು, ಅದೇ ಕಾರಣ. ಅವ್ವ "ಮರಾ ಎಲ್ಲೆರ ಕೆಂಪ ಇರತೈತೇನೋ ಮಂಗ್ಯಾ" ಎಂದು ತಲೆಗೆ ಮೊಟಕಿದಳು. ಕ್ರೇಯಾನಿನ ಮೇಣದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಸೊಂಟದ ಮೇಲೆ ಕೈಯಿಟ್ಟು ಎದ್ದು ನಿಂತು, "ಇರತೈತಿ! ಮ್ಯಾಲಿಂದ ನೋಡಿದ್ರ ಇರತೈತಿ!" ಎಂದೆ.

ಅವ್ವ ನನ್ನ ಕಡೆ ನೋಡಿದಳು, ಏನೂ ಅನ್ನಲಿಲ್ಲ.

ನೀವು ನಮ್ಮ ಮನೆಯವರಲ್ಲ, ಹಾಗಾಗಿ ಇದು ಎಂಥ ದೊಡ್ಡ ಸಂಗತಿ ಎಂದು ನಿಮಗೆ ತಿಳಿಯಲಿಕ್ಕಿಲ್ಲ. ನಾನು ಬಾಯಿ ತೆರೆದರೆ ಸಾಕು, "ಬಿಟ್ಲು ನೋಡು ಬುರುಡಿ" ಅನ್ನುವುದು ನಮ್ಮ ಮನೆತನದ ಪದ್ಧತಿ. ಅನ್ನದೇ ಬಿಟ್ಟರು ಅಂದರೆ ಅದಕ್ಕೊಂದು ಇತಿಹಾಸ ಇರಬೇಕು. ಇದೆ. ಕೂಡ್ರಿ, ಹೇಳುತ್ತೇನೆ.

ಮೊದಲು ಬುರುಡೆಯ ವಿಷಯ. ನಾನು ಸುಳ್ಳು ಹೇಳುವವಳಲ್ಲ. ಖರೆ ಸಂಗತಿಯನ್ನೇ ಸ್ವಲ್ಪ ಜಗ್ಗುತ್ತೇನೆ. ಹಿಟ್ಟು ಅಷ್ಟೇ ಇರುತ್ತದೆ, ಬಡಿದಷ್ಟೂ ರೊಟ್ಟಿ ಅಗಲವಾಗುತ್ತದೆ, ಹಾಗೆ. ಮೊರಬದ ಬಸ್ ಸ್ಟ್ಯಾಂಡಿನಲ್ಲಿ ಬೊಗಳಿದ ನಾಯಿ ನಾನು ಮನೆ ಮುಟ್ಟುವಷ್ಟರಲ್ಲಿ ತೋಳವಾಗಿರುತ್ತದೆ. ಊಟಕ್ಕೆ ಕೂಡುವಷ್ಟರಲ್ಲಿ ತೋಳಕ್ಕೆ ಮರಿಗಳೂ ಆಗಿರುತ್ತವೆ. ನನ್ನ ಗೆಳತಿ ರುಬೀನಾ ಇದಕ್ಕೆ ಪೂರಾ ಉಲ್ಟಾ. ದಿನಕ್ಕೆ ಇಷ್ಟೇ ಮಾತು ಎಂದು ತನಗೆ ತಾನೇ ರೇಷನ್ ಹಾಕಿಕೊಂಡವಳು. ಹೀಗಾಗಿ ಊರವರು ನಾನು ಹೇಳಿದ್ದಕ್ಕೆ ನಕ್ಕು, ಆಮೇಲೆ ಅವಳ ಮುಖ ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದರು.

ಎರಡು ವರ್ಷದ ಹಿಂದೆ, ನಾವು ಒಂಬತ್ತನೇ ಇಯತ್ತೆಯಲ್ಲಿದ್ದಾಗ, ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇಬ್ಬರೂ ಸೇರಿ ಒಂದು ಉಪಗ್ರಹ ಕಟ್ಟಿದೆವು. ಭೂಮಿಯ ಫೋಟೋ ತೆಗೆಯುವಂಥದ್ದು. ಬಿಸ್ಕೀಟು ತುಂಬಿ ಬಂದ ರಟ್ಟಿನ ಖೋಕಾ ಅದರ ಮೈ. ಎರಡೂ ಬಾಜು ರಟ್ಟಿನ ರೆಕ್ಕೆ. ಆ ರೆಕ್ಕೆ ಹಾರಲಿಕ್ಕಲ್ಲ, ಬಿಸಿಲು ಕುಡಿದು ಕರೆಂಟು ಮಾಡಲಿಕ್ಕೆ. ಮೇಲೆ ಬಿಸಿಲೂ ವಿಪರೀತ, ಚಳಿಯೂ ವಿಪರೀತ, ಅದಕ್ಕೇ ನಿಜವಾದದ್ದಕ್ಕೆ ಬಂಗಾರದ ಬಣ್ಣದ ಹೊದಿಕೆ ಸುತ್ತಿರುತ್ತಾರೆ. ನಮ್ಮದಕ್ಕೆ ಯಾರದೋ ಮದುವೆಯ ಪೇಢೆ ಡಬ್ಬಿಯ ಹಾಳೆ ಸುತ್ತಿದೆವು. ಅದರ ವಾಸನೆಗೆ ಇರುವೆಗಳು ಬಂದು ಉಪಗ್ರಹದೊಳಗೆ ಸಂಸಾರ ಹೂಡಿದವು. "ಇವರು ಗಗನಯಾತ್ರಿಗಳ್ರಿ" ಎಂದು ನಾನು ಮಾಸ್ತರರಿಗೆ ಪರಿಚಯ ಮಾಡಿಸಿದೆ.

ವಿವರಣೆ ಪೂರ್ತಿ ನನ್ನದು. ಅದು ಎಷ್ಟು ಎತ್ತರದಲ್ಲಿರುತ್ತದೆ? ನಮ್ಮೂರಿಂದ ಬೆಂಗಳೂರಿಗೆ ಹೋಗಿ, ವಾಪಸ್ ಬರುವಾಗ ಅರ್ಧ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಷ್ಟು ದೂರ. ಎಷ್ಟು ಜೋರು ಓಡುತ್ತದೆ? ಅಣ್ಣಿಗೇರಿ ಸ್ಟ್ಯಾಂಡಿನಲ್ಲಿ ಡ್ರೈವರ್ ಕಾಕಾ ಎಲೆ ಅಡಿಕೆ ಉಗುಳಿ ಬಾಯಿ ಒರೆಸಿಕೊಳ್ಳುವಷ್ಟರಲ್ಲಿ ಅದು ಹುಬ್ಬಳ್ಳಿಯಿಂದ ಗದಗಿನಷ್ಟು ದೂರ ದಾಟಿ ಆಗಿರುತ್ತದೆ. ನಮ್ಮ ಕಡೆ ಬಂದಾಗೆಲ್ಲ ಮುಂಜಾನೆ ಹತ್ತೂವರೆ ಸುಮಾರಿಗೇ ಬರುತ್ತದೆ. ನೆರಳು ಪ್ರತಿ ಸಲ ಹೆಚ್ಚೂಕಡಿಮೆ ಒಂದೇ ನಮೂನಿ ಇದ್ದರೆ ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ತಾಳೆ ಹಾಕಲು ಸಲೀಸು. ನಮ್ಮೂರ ಬಸ್ಸಿಗಿಂತ ಅದಕ್ಕೆ ನಿಯತ್ತು ಹೆಚ್ಚು.

ಫೋಟೋ ತೆಗೆಯುವ ರೀತಿಯೂ ಬೇರೆ. "ಸ್ವಲ್ಪ ನಗ್ರಿ" ಎಂದು ಒಂದು ಸಲ ಕ್ಲಿಕ್ ಮಾಡಿ ಮುಗಿಸುವುದಲ್ಲ. ಕೂರಿಗೆ ಹೂಡಿ ಬಿತ್ತಿದ ಹಾಗೆ ಮುಂದೆ ಸಾಗುತ್ತ ಒಂದೊಂದೇ ಸಾಲು ನೋಡಿಕೊಂಡು ಹೋಗುತ್ತದೆ. ಸಾಲಿಗೆ ಸಾಲು ಕೂಡಿಸಿದರೆ ಚಿತ್ರ. ಅದಕ್ಕಿಂತ ದೊಡ್ಡ ಚಮತ್ಕಾರ ಎಂದರೆ ನಮ್ಮ ಕಣ್ಣಿಗೆ ಕಾಣದ ಒಂದು ಬೆಳಕನ್ನೂ ಅದು ಹಿಡಿಯುತ್ತದೆ. ಜೀವ ಇರುವ ಎಲೆ ಆ ಬೆಳಕನ್ನು ಕನ್ನಡಿ ಹಾಗೆ ತಿರುಗಿ ಒಗೆಯುತ್ತದೆ. ಕಾಣದ ಬೆಳಕನ್ನು ನಮಗೆ ತೋರಿಸಬೇಕಲ್ಲ, ಅದಕ್ಕೇ ಚಿತ್ರದಲ್ಲಿ ಅದಕ್ಕೆ ಕೆಂಪು ಬಣ್ಣ ಕೊಡುತ್ತಾರೆ. ಬೆಳೆ ಎಷ್ಟು ಸೊಂಪೋ ಚಿತ್ರ ಅಷ್ಟು ಕೆಂಪು. ಇದನ್ನು ಹೇಳಿದಾಗ ಮಾಸ್ತರರು ಹೌದೆಂದು ತಲೆಯಾಡಿಸಿದರು. ಅಪ್ಪ ಮಾತ್ರ ಮನೆಗೆ ಬಂದ ಮೇಲೆ, "ಹಸರ ಬೆಳಿ ಕೆಂಪ ಕಾಣತೈತಂತ! ನಾಳೆ ಎಮ್ಮಿ ಬೆಳ್ಳಗ ಕಾಣತೈತಿ ಅಂತೀದಿ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ.

ಆ ವರ್ಷದ ಮಳೆಗಾಲದಲ್ಲೇ ಗಂಗವ್ವ ಅತ್ತೆಯ ಹೊಲದ ಪ್ರಶ್ನೆ ಎದ್ದದ್ದು. ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ನಮ್ಮ ಮನೆಯಲ್ಲೇ ಇದ್ದಾಳೆ. ಹಳ್ಳದ ಆಚೆ ಒಂದು ತುಂಡು ಎರೆಹೊಲ ಅವಳದು, ಅಜ್ಜ ಅವಳ ಹೆಸರಿಗೇ ಮಾಡಿ ಹೋದದ್ದು. ಆ ಸಲ ಬಿತ್ತಿಗೆ ಮುಗಿಸಿ ಬರುವಾಗ ಕೆಸರಿನಲ್ಲಿ ಜಾರಿ ಕಾಲು ಮುರಿದುಕೊಂಡಳು. ನಮ್ಮ ಎರೆಮಣ್ಣು ಒದ್ದೆಯಾದರೆ ನೆಲವಲ್ಲ, ಅಂಟು. ಎಡಗಾಲು ಎತ್ತಿದರೆ ಬಲಗಾಲು ಹೋಗುತ್ತದೆ, ಎರಡೂ ಎತ್ತಿದರೆ ಚಪ್ಪಲಿ ಹೋಗುತ್ತದೆ. ಅದರ ಮೇಲೆ ಹಳ್ಳ ತುಂಬಿ ಬಂದು ದಾಟುವ ಮೋರಿಯೇ ಕೊಚ್ಚಿಹೋಯಿತು. ಆಚೆ ಕಡೆ ಯಾರೂ ಕಾಲಿಡಲಿಲ್ಲ. ಬೀಜ ಕೊಳೆಯಿತೋ ಮೊಳೆಯಿತೋ, ದೇವರಿಗೇ ಗೊತ್ತು.

ಅಷ್ಟರಲ್ಲಿ ಹೊಲಗಳನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿದು ಸೋಲಾರ್ ಪ್ಲೇಟ್ ಹಚ್ಚುವ ಒಬ್ಬ ದಲಾಲಿ ಊರಿಗೆ ಬಂದ. ಒಂದು ಸಲ ಸಹಿ ಮಾಡಿದರೆ ಮುಗಿಯಿತು, ಅತ್ತೆಯ ಆಯುಷ್ಯದಲ್ಲಿ ಆ ಹೊಲಕ್ಕೆ ಮತ್ತೆ ಕೂರಿಗೆ ಇಳಿಯುವುದಿಲ್ಲ.

"ಬೀಜಾ ಕೊಳತ ಹೋಗೇದ ಅಕ್ಕಾ," ಅಪ್ಪ ಹೇಳಿದ. "ನಿನಗೂ ಕಾಲ ಇಲ್ಲ. ನನಗ ಎರಡೂ ಕಡೆ ಆಗೂದಿಲ್ಲ. ಸೋಮವಾರ ಬರ್ತಾನವ, ಹೆಬ್ಬಟ್ಟ ಒತ್ತಿಬಿಡು."

ಅತ್ತೆ ಹೊರಸಿನ ಮೇಲೆ ಪ್ಲಾಸ್ಟರಿನ ಕಾಲು ಚಾಚಿಕೊಂಡು, "ಹೆಬ್ಬಟ್ಟ ಯಾಕ ಒತ್ತಲಿ, ನನಗ ಸಹಿ ಬರತೈತಿ" ಎಂದಳು. ಹಳ್ಳದ ದಿಕ್ಕಿಗೆ ಕೈ ಮಾಡಿ, "ನನ್ನ ಹೊಲಾ ದಿಬ್ಬದ ಮ್ಯಾಲೈತಿ. ಬೆಳಿ ಎದ್ದೈತಿ. ಬರೇ ಒಂದ ಸಲ ನೋಡ್ಕೊಂಡ ಬರ್ರಿ, ಆಮ್ಯಾಗ ಏನರ ಮಾಡ್ರಿ" ಅಂದಳು. ಆ 'ಒಂದ ಸಲ' ಅನ್ನುವಾಗ ಅವಳ ದನಿ ಸ್ವಲ್ಪ ನಡುಗಿತು. ಮನೆಮಂದಿಗೆಲ್ಲ ಜೋರು ಮಾಡುವ ಅತ್ತೆಯ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಹಳ್ಳಾ ದಾಟೂದು ಹೆಂಗ? ಈಸ್ ಬಿದ್ದ ಹೋಗ್ಲೇನ?" ಅಪ್ಪ ಕೇಳಿದ.

"ನಾ ನೋಡ್ತೇನಿ," ಎಂದೆ ನಾನು.

"ನೀ ಹೆಂಗ ನೋಡ್ತೀಬೇ?"

"ಮ್ಯಾಲಿಂದ."

ಯಾರೂ ನಗಲೂ ಇಲ್ಲ. ಅಷ್ಟು ಬೇಸರದಲ್ಲಿದ್ದರು.

ರುಬೀನಾಳ ಅಣ್ಣನದು ಬಸ್ ಸ್ಟ್ಯಾಂಡಿನ ಬಾಜು ಝೆರಾಕ್ಸ್ ಅಂಗಡಿ, ಅಲ್ಲೊಂದು ಕಂಪ್ಯೂಟರ್. ಉಪಗ್ರಹದ ಚಿತ್ರಗಳನ್ನು ಯಾರು ಬೇಕಾದರೂ ಪುಕ್ಕಟೆ ನೋಡಬಹುದೆಂದು ಮಾಸ್ತರರು ತೋರಿಸಿಕೊಟ್ಟಿದ್ದರು. ನಾವಿಬ್ಬರೂ ಓಡಿದೆವು. ಚಿತ್ರ ತೆರೆಯಿತು. ನವಲಗುಂದ ತಾಲೂಕೇ ಇಲ್ಲ! ಎಲ್ಲಿ ನೋಡಿದರೂ ಬೆಳ್ಳಗೆ, ಅಣ್ಣಿಗೇರಿಯ ಹತ್ತಿ ಅಂಗಡಿಯೊಳಗೆ ತಲೆ ಹಾಕಿದ ಹಾಗೆ. ಮೋಡ. ಈ ಕ್ಯಾಮೆರಾ ಎಷ್ಟು ಶಾಣ್ಯಾ ಇದ್ದರೂ ಮೋಡ ತೂರಿ ನೋಡಲು ಅದಕ್ಕೆ ಬರುವುದಿಲ್ಲ. ಮತ್ತೆ ನಮ್ಮೂರ ಮೇಲೆ ಹಾಯಬೇಕೆಂದರೆ ಕೆಲವು ದಿನ ಕಾಯಬೇಕು. ಲೆಕ್ಕ ಹಾಕಿದೆವು: ಶನಿವಾರ. ದಲಾಲಿ ಬರುವುದು ಸೋಮವಾರ.

ಆ ವಾರ ನಾನು ಮುಗಿಲು ನೋಡಿದಷ್ಟು ಯಾವ ರೈತನೂ ನೋಡಿರಲಿಕ್ಕಿಲ್ಲ. ಊರೆಲ್ಲ ಮಳೆ ನಿಂತರೆ ಸಾಕು ಅನ್ನುವಾಗ ನಾನೊಬ್ಬಳು ಲೆಕ್ಕ ಹಾಕಿ ಬಿಸಿಲು ಬೇಡಿದೆ, ಅದೂ ಶನಿವಾರ ಹತ್ತೂವರೆಗೆ, ಹಳ್ಳದ ಆಚೆ ಕಡೆಗಷ್ಟೇ. ಶನಿವಾರ ಮುಂಜಾನೆ ಅರ್ಧ ಮೋಡ, ಅರ್ಧ ಬಿಸಿಲು. ತರಗತಿಯ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಮೋಡಗಳಿಗೆ "ಸರೀರಿ, ಸರೀರಿ" ಎಂದು ಕೈ ಬೀಸಿ ಮಾಸ್ತರರಿಂದ ಕಿವಿ ಹಿಂಡಿಸಿಕೊಂಡೆ.

ಆದಿತ್ಯವಾರ ಅಪ್ಪನನ್ನು ಅಂಗಡಿಗೆ ಎಳೆದುಕೊಂಡು ಹೋದೆ. ಅವನು ಬಂದದ್ದು ನನ್ನ ಮೇಲಿನ ನಂಬಿಕೆಗಲ್ಲ, ಎದುರಿನ ಚಹಾದಂಗಡಿಯ ಮೇಲಿನ ಪ್ರೀತಿಗೆ. ಚಿತ್ರ ತೆರೆಯಿತು. ಮೂಲೆಯಲ್ಲಿ ಎರಡು ಮೋಡ, ಉಳಿದದ್ದೆಲ್ಲ ಸ್ವಚ್ಛ. ನೀರು ನಿಂತು ಹಾಳಾದ ಹೊಲಗಳು ಕಪ್ಪಗೆ, ಬೂದಿ ಬಣ್ಣಕ್ಕೆ. ಹಳ್ಳದ ಆಚೆ, ದಿಬ್ಬದ ಮೇಲೆ, ಅತ್ತೆಯ ಹೊಲ ಕೆಂಪಗೆ.

"ಅಯ್ಯೋ, ಹತ್ತಿಗಿ ಕೆಂಪ ರೋಗ ಬಿದ್ದೈತಿ!" ಅಪ್ಪ ತಲೆ ಮೇಲೆ ಕೈ ಹೊತ್ತ. ನಮ್ಮ ಕಡೆ ನೀರು ಹೆಚ್ಚಾದರೆ ಹತ್ತಿಯ ಎಲೆ ಕೆಂಪಾಗಿ ಉದುರುವುದುಂಟು. ಹತ್ತಿ ಬೆಳೆಯುವ ಯಾರೇ ನೋಡಿದ್ದರೂ ಅದನ್ನೇ ಹೇಳುತ್ತಿದ್ದರು.

"ಅಪ್ಪಾ, ಕೆಂಪ ಅಂದ್ರ ಹಸರೋ!"

"ಸುಮ್ನಿರಬೇ ಬುರುಡಿ! ಇದರಾಗೂ ಚಾಷ್ಟಿ ಮಾಡ್ತೀದಿ?"

ಅಲ್ಲಿಯ ತನಕ ಬಾಯಿ ಬಿಡದ ರುಬೀನಾ ಮೆಲ್ಲಗೆ, "ಇಲ್ರಿ ಕಾಕಾ, ಈ ಸಲ ಆಕಿ ಖರೇನ ಹೇಳಾಕತ್ತಾಳ್ರಿ" ಎಂದಳು. ನೋಡಿ, ನಾನು ಎರಡು ತಿಂಗಳು ಗಂಟಲು ಹರಿದುಕೊಂಡು ಹೇಳಿದ್ದನ್ನು ಇವಳು ಒಂದು ಸಾಲಿನಲ್ಲಿ ಮಾರಿಬಿಟ್ಟಳು. ಅಪ್ಪ ಎರಡನೇ ಬಾಣ ಬಿಟ್ಟ: "ಆತು, ಹಸರ ಅಂತ ಹಿಡಿಯೂಣು. ಕಳೇನೂ ಹಸರ ಇರತೈತಿ. ಎರಡ ತಿಂಗಳ ಮ್ಯಾಲಾತು ಯಾರೂ ಎಡಿ ಹೊಡದಿಲ್ಲ. ಅದ ಕಸಾ ಅಲ್ಲ ಅಂತ ಹೆಂಗ ಹೇಳ್ತಿ?"

ನನ್ನ ಬಾಯಿ ಮುಚ್ಚಿತು. ಇತಿಹಾಸದಲ್ಲಿ ದಾಖಲಾಗಬೇಕಾದ ಘಟನೆ. ಚಿತ್ರ ದೊಡ್ಡದು ಮಾಡಿದೆ. ಅದು ನವಲಗುಂದದ ಜಮಖಾನದ ಹಾಗೆ ಚೌಕ ಚೌಕವಾಗಿ ಒಡೆಯಿತು. ಒಂದೊಂದು ಚೌಕವೂ ನೆಲದ ಮೇಲೆ ನಮ್ಮ ಮನೆ, ದನದ ಕೊಟ್ಟಿಗೆ ಸೇರಿಸಿದಷ್ಟು ಜಾಗ. ಅದರೊಳಗಿನದು ಗಿಡವೋ ಕಸವೋ, ಕುಂತ ಮನುಷ್ಯನೋ, ಅದಕ್ಕೆ ಬೇರ್ಪಡಿಸಿ ತೋರಿಸಲು ಆಗುವುದಿಲ್ಲ. ನಾನು ಪ್ರದರ್ಶನದಲ್ಲಿ "ಇರುವೆಯ ಮೀಸಿನೂ ಕಾಣತೈತ್ರಿ" ಎಂದಿದ್ದೆ. ಅಷ್ಟೊಂದು ಇಲ್ಲ.

ಆದರೆ ಅಪ್ಪ ಕುರ್ಚಿ ಎಳೆದುಕೊಂಡು ಮುಂದೆ ಬಗ್ಗಿದ್ದ. ಚಹಾ ಆರುತ್ತಿತ್ತು. ಹೊಲದ ಹಳ್ಳದ ಕಡೆಯ ಭಾಗ ತಿಳಿಯಾಗಿ, ಒಣಹುಲ್ಲಿನಂತೆ ಪೇಲವ. ದಿಬ್ಬದ ಕಡೆಯದು ಗಾಢ ಕೆಂಪು. ಎರಡರ ನಡುವೆ ಒಂದು ಗೆರೆ. ಗೆರೆ ನೆಟ್ಟಗೆ ಬಂದು ಒಂದು ಕಡೆ ಹೊಟ್ಟೆ ಬಂದವರ ಹಾಗೆ ಉಬ್ಬಿ, ಮತ್ತೆ ನೆಟ್ಟಗಾಗಿತ್ತು. ಅಪ್ಪ ಆ ಗೆರೆಯ ಮೇಲೆ ಉಗುರು ಓಡಿಸಿದ. ಉಬ್ಬಿನ ಹತ್ತಿರ ಉಗುರು ನಿಂತಿತು.

"ಇದು ನಾ ಹೊಡದ ಸಾಲು," ಎಂದ.

"ಹೌದ?"

"ಕೆಳಗ ಹೆಸರಕಾಳ ಬಿತ್ತಿದ್ವಿ, ಮ್ಯಾಲ ಹತ್ತಿ. ಇಲ್ಲಿ ಜೌಗ ಇತ್ತು, ಕೂರಿಗಿ ಸಿಗ್ತಿತ್ತು, ಬಳಸಿ ಹೊಡದ್ನಿ. ಗೆರಿ ಸೊಟ್ಟ ಆತು ಅಂತ ನಿಮ್ಮತ್ತಿ ಬದುವಿನ ಮ್ಯಾಲ ನಿಂತು ಬಯ್ದೇ ಬಯ್ದಳು." ಅವನ ದನಿ ಸಣ್ಣದಾಯಿತು. "ಹೆಸರು ಹಣ್ಣಾಗಿ ಒಣಗೇದ. ಯಾರೂ ಬಿಡಸಲಿಲ್ಲ, ಅದು ಹೋತು. ಹತ್ತಿ ಎದ್ದೈತಿ. ಕಸಾ ಇದ್ರ ಗೆರಿ ಹಿಡದ ಬೆಳೀತಿತ್ತೇನ? ಎರಡೂ ಕಡೆ ಹಬ್ಬತಿತ್ತು."

ಆ ಸೊಟ್ಟ ಗೆರೆ, ಅಷ್ಟು ದೂರದ ಆಕಾಶದಿಂದ, ಒಂದು ಮಿಂಚಿನಷ್ಟು ಹೊತ್ತಿನಲ್ಲಿ, ಕಣ್ಣಿಗೆ ಕಾಣದ ಬೆಳಕಿನಲ್ಲಿ! ನನಗೆ ಎದೆ ಉಬ್ಬಿತು. ಉಪಗ್ರಹ ಮಾಡಿದವರ ಬಗ್ಗೆಯೋ, ಸಾಲು ಹೊಡೆದ ಅಪ್ಪನ ಬಗ್ಗೆಯೋ, ನಿಂತು ಬಯ್ದ ಅತ್ತೆಯ ಬಗ್ಗೆಯೋ, ಯಾರ ಬಗ್ಗೆ ಎಂದು ಆಗ ತಿಳಿಯಲಿಲ್ಲ. ಮುಕ್ಕಾಲು ಪಾಲು ನನ್ನ ಬಗ್ಗೆಯೇ ಇದ್ದೀತು.

ಮನೆಗೆ ಬಂದು ಅಪ್ಪ ಅತ್ತೆಯ ಎದುರೇ ದಲಾಲಿಗೆ ಫೋನು ಹಚ್ಚಿದ. "ಬರಬ್ಯಾಡ್ರಿ. ನಮ್ಮಕ್ಕನ ಹೊಲದಾಗ ಬೆಳಿ ಐತಿ... ಹೆಂಗ ಗೊತ್ತಾತು ಅಂದ್ರ? ನೋಡೇನ್ರಿ... ಹಳ್ಳಾ ದಾಟಿಲ್ರಿ, ಮ್ಯಾಲಿಂದ ನೋಡೇನಿ." ಆ ಕಡೆಯವ ಏನೆಂದನೋ, ಅಪ್ಪ ರೇಗಿ, "ಬುರುಡಿ ಅಲ್ರೀ, ಖರೇನ!" ಎಂದು ಕೂಗಿದ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ನನ್ನನ್ನು ಕರೆದು, "ಗೆರಿ ಸೊಟ್ಟ ಇತ್ತಲ್ಲಬೇ? ನಾ ಅವತ್ತಽ ಹೇಳಿದ್ನಿ" ಎಂದಳು.

ಅದಾದ ಮೇಲೆ ಅಪ್ಪನಿಗೆ ಹಳ್ಳ ಇಳಿಯುವ ತನಕ ಸಮಾಧಾನವಿರಲಿಲ್ಲ. ನೀರು ಮೊಣಕಾಲಿಗೆ ಬಂದದ್ದೇ ಕಳೆ ತೆಗೆಯುವ ಎಡೆಕುಂಟೆ ಹೊತ್ತುಕೊಂಡು ದಾಟಿದ.

ಇವತ್ತು ಹತ್ತಿ ಬಿಡಿಸಲು ಅದೇ ಹೊಲಕ್ಕೆ ಬಂದಿದ್ದೇವೆ. ಅತ್ತೆ ಸ್ವಲ್ಪ ಕುಂಟುತ್ತಾಳೆ, ಆದರೂ ಸಾಲಿನಲ್ಲಿ ನನಗಿಂತ ಮುಂದಿದ್ದಾಳೆ. ಮೊಬೈಲಿನಲ್ಲಿ ಹತ್ತೂವರೆ ಆದದ್ದು ನೋಡಿ ನಾನು ನೆಟ್ಟಗೆ ನಿಂತು ಎರಡೂ ಕೈ ಮೇಲೆತ್ತಿ ಬೀಸಿದೆ.

"ಯಾರಿಗಿಬೇ ಕೈ ಮಾಡಾಕತ್ತಿ?"

"ಉಪಗ್ರಹಕ್ಕ, ಅತ್ತಿ. ಇವತ್ತ ಅದರ ಪಾಳಿ, ಈಗ ಮ್ಯಾಲ ಹೊಂಟಿರತೈತಿ."

ಅತ್ತೆ ಮುಗಿಲು ನೋಡಲಿಲ್ಲ. ಬಿಳೀ ತೊಳೆಯೊಂದನ್ನು ಕಾಯಿಂದ ಎಳೆದು ಉಡಿಗೆ ಹಾಕಿಕೊಳ್ಳುತ್ತ, "ನೀ ಕಾಣೂದಿಲ್ಲ," ಎಂದಳು. "ಹೊಲಾ ಕಾಣತೈತಿ."

ನಾನು ಕೈ ಇಳಿಸಿದೆ. ಏನಾದರೊಂದು ಹೇಳಬೇಕೆಂದು ಬಾಯಿಗೆ ಬಂದಿತ್ತು, ಹೇಳಲಿಲ್ಲ. ಅತ್ತೆ, ನಾನು, ನಮ್ಮಿಬ್ಬರ ನಡುವಿನ ಗಿಡಗಳು ಎಲ್ಲ ಸೇರಿ ಮೇಲಿನವರಿಗೆ ಒಂದೇ ಚುಕ್ಕೆ. ಅಷ್ಟು ಸಣ್ಣವಳಾಗಿ ಇಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ. ಬಗ್ಗಿ ಮುಂದಿನ ಗಿಡಕ್ಕೆ ಕೈ ಹಾಕಿದೆ.