ಒಲೆ ಕಾಣದ ಬೆಣ್ಣೆ

ಎದೆ ಒಮ್ಮೆ ಹಿಡಿದಂತಾಗಿ, ಡಾಕ್ಟರು ರಕ್ತದಲ್ಲಿ ಕೊಬ್ಬಿನಂಶ ಜಾಸ್ತಿ ಇದೆ ಅಂದಿದ್ದೇ ನೆಪ, ನಮ್ಮ ಯಜಮಾನರು ಮೈಸೂರಿನಲ್ಲಿ ಯಾವುದೋ ಆಹಾರ ಶಿಬಿರಕ್ಕೆ ಹೋಗಿ ಬಂದರು. ಬಂದವರು ಚಪ್ಪಲಿ ಬಿಡುತ್ತಲೇ, "ಇನ್ಮೇಲೆ ನನಗೆ ಹಸಿ ಆಹಾರ ಅಷ್ಟೇ ಕಣೇ. ಬೆಂಕಿ ಮುಟ್ಟಿದ್ದು ಯಾವುದೂ ಬೇಡ" ಅಂದರು. ಮೊಳಕೆ ಕಟ್ಟಿದ ಹೆಸರುಕಾಳು, ಸೌತೆಕಾಯಿ, ಕ್ಯಾರೆಟ್ಟು, ರಸಬಾಳೆ. ಎಣ್ಣೆ ಇಲ್ಲ, ತುಪ್ಪ ಇಲ್ಲ. ಮಾತ್ರೆಯನ್ನೂ ಬಿಡುತ್ತಿದ್ದರೇನೋ, ನಾನು ಬಿಡಗೊಡಲಿಲ್ಲ.

ಮೊದಮೊದಲು ಮೈ ಹಗುರವಾಯಿತು ಎಂದು ಖುಷಿಪಟ್ಟರು. ಆಮೇಲೆ ಅಂಗಿಯ ಕಾಲರಿನೊಳಗೆ ಕತ್ತು ಸಡಿಲವಾಗಿ ಅಲ್ಲಾಡತೊಡಗಿತು. ಹಿಮ್ಮಡಿ ಒಡೆಯಿತು, ಮೊಣಕೈ ಬೂದಿ ಬಳಿದಂತಾಯಿತು. ಒಂದು ಬೆಳಿಗ್ಗೆ ಕಪಿಲೆ ಹೊಳೆಯಲ್ಲಿ ಮುಳುಗಿ ಎದ್ದವರು ಮೆಟ್ಟಿಲ ಮೇಲೆ ತಲೆ ಸುತ್ತಿ ಕೂತುಬಿಟ್ಟರು. ಓಡಿ ಹೋಗಿ ರಟ್ಟೆ ಹಿಡಿದೆ. ಕೈಗೆ ಸಿಕ್ಕಿದ್ದು ಬರೀ ಮೂಳೆ. ನನ್ನ ಭಯ ಶುರುವಾದದ್ದು ಅಲ್ಲಿ.

"ಜಿಡ್ಡೇ ಇಲ್ಲದೆ ಹೇಗಮ್ಮ ನಡೆಯುತ್ತೆ? ಮಿತಿಯಲ್ಲಿ ಕೊಡಿ, ಒಳ್ಳೇದು ನೋಡಿ ಕೊಡಿ" ಅಂದರು ಡಾಕ್ಟರು. ಬೇಯಿಸದ ಜಿಡ್ಡು ಹುಡುಕುವುದೇ ನನ್ನ ಕೆಲಸವಾಯಿತು. ಕಡಲೆಕಾಯಿ ಬೀಜ ನೆನೆಸಿಟ್ಟರೆ ಹೊಟ್ಟೆ ಉಬ್ಬರಿಸಿತು. ಹುಚ್ಚೆಳ್ಳು ಹುರಿಯದೆ ಅರೆದರೆ ಕಹಿ, ನಾನೇ ಉಗಿದೆ. ಬೆಣ್ಣೆಹಣ್ಣು ತಂದೆ. "ಸೋಪು ತಿಂದಂಗಾಯ್ತದೆ" ಅಂದು ತಟ್ಟೆ ತಳ್ಳಿದರು. ತೆಂಗಿನಕಾಯಿ ಚೂರು ಮಾತ್ರ ಒಗ್ಗಿತು. ಅದನ್ನೂ ಎಷ್ಟೆಂದು ಕೊಡುವುದು, ಎದೆ ನೋವಿನವರಿಗೆ?

ಒಂದು ದಿನ ಅವರೇ, "ಬೆಣ್ಣೆ ಆಗಬಹುದು. ದಿನಕ್ಕೊಂದು ಚಮಚ. ಅದನ್ನೇನು ಬೇಯಿಸ್ತಾರಾ?" ಅಂದರು.

"ಹಾಲು ಕಾಯಿಸದೆ ಹೆಪ್ಪು ಹಾಕಿದ್ದು ಯಾವ ಕಾಲಕ್ಕೆ, ನಮ್ಮನೇಲಿ?" ಅಂದೆ.

ಅವರು ತಂಗಿಗೆ ಫೋನ್ ಮಾಡಿದರು.

ನನ್ನ ನಾದಿನಿ ಇರುವುದು ತಿ. ನರಸೀಪುರದ ಆಚೆ ಒಂದು ಹಳ್ಳಿಯಲ್ಲಿ. ಮನೆಯಲ್ಲಿ ಹಸು ಇದೆ, ಅಣ್ಣನೆಂದರೆ ಪ್ರಾಣ. ಹಸಿ ಹಾಲಿಗೇ ಹೆಪ್ಪು ಹಾಕಿ, ಕಡೆದು, ನೀರು ತುಂಬಿದ ಸ್ಟೀಲ್ ಡಬ್ಬಿಯಲ್ಲಿ ಬೆಣ್ಣೆ ಮುದ್ದೆ ತೇಲಿಸಿಕೊಂಡು ಬಸ್ಸಿನಲ್ಲಿ ಬಂದಳು. ಅವರು ಸೌತೆಕಾಯಿ ಬಿಲ್ಲೆಗೆ ಸವರಿ ತಿಂದರು. ಎಷ್ಟೋ ದಿನದ ಮೇಲೆ ಅವರ ತುಟಿ ಮಿನುಗಿದ್ದು ನೋಡಿ ಒಳಗೆ ಹೋಗಿ ಕಣ್ಣೊರೆಸಿಕೊಂಡೆ.

ಆ ಡಬ್ಬಿ ಮುಗಿಯಿತು. ಎರಡನೆಯ ಡಬ್ಬಿ ತಂದ ದಿನ ಅವಳೂ ನಾನೂ ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು. ಇವರು ಮೈ ಯಾಕೋ ಬೆಚ್ಚಗಿದೆ ಎಂದು ರೂಮಿನಲ್ಲಿ ಮಲಗಿದ್ದರು.

"ಇಷ್ಟೊಂದು ಬೆಣ್ಣೆ ತಂದ್ರೆ ಡೈರಿಗೆ ಏನು ಹಾಕ್ತೀಯೇ?" ಅಂದೆ.

"ಡೈರಿಗೆಲ್ಲಿ ಅತ್ಗೆ? ಅಸ ತಿಂಗ್ಳು ತುಂಬೋ ಮುಂಚೇನೆ ಕಂದು ಆಕ್ಬುಡ್ತು. ದನದ್ ಡಾಕ್ಟ್ರು ಇಂಜೆಕ್ಸನ್ನು ಕೊಟ್ಟು, ಈ ಆಲು ಡೈರಿಗೆ ಉಯ್ಬೇಡ ಅಂದ್ರು. ಚೆಲ್ಲಕ್ಕಾಯ್ತದಾ? ಅಣ್ಣಂಗಾದ್ರೂ ಆಗ್ಲಿ ಅಂತ ಕಡ್ದೆ."

ನನ್ನ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. ಅವಳದು ತಪ್ಪೆನ್ನಲಾರೆ. ನಮ್ಮ ಕಡೆ ಡೈರಿಗೆ ಬೇಡವಾದ ಹಾಲು ಮನೆಯಲ್ಲಿ ಬೆಣ್ಣೆಯಾಗುತ್ತದೆ. ಬೆಣ್ಣೆ ಹೇಗೂ ಒಲೆಯ ಮೇಲೆ ಕಾದು ತುಪ್ಪವಾಗುತ್ತದೆ, ಯಾರಿಗೂ ಏನೂ ಆಗುವುದಿಲ್ಲ. ನಡುವಿನ ಆ ಒಲೆಯನ್ನು ತೆಗೆದುಬಿಟ್ಟವರು ನಾವು.

ತಾಂಡವಪುರದ ಹತ್ತಿರ ನನ್ನ ಸೋದರಮಾವ ಕೆಚ್ಚಲ ಬುಡದಲ್ಲೇ ಲೋಟ ಹಿಡಿದು ಹಾಲು ಕುಡಿಯುತ್ತಿದ್ದ. ಕೊಟ್ಟಿಗೆಯಲ್ಲಿ ಹಸು ಕಂದು ಹಾಕಿದ ವರ್ಷ ಅವನಿಗೆ ಜ್ವರ ಬಂತು. ಸಂಜೆಯಾದರೆ ಏರುವುದು, ಬೆಳಿಗ್ಗೆ ಬೆವರಿ ಇಳಿಯುವುದು. ಜ್ವರ ಹೋಗಲು ತಿಂಗಳುಗಟ್ಟಲೆ ಹಿಡಿಯಿತು, ಸೊಂಟ ನೆಟ್ಟಗಾಗಲೇ ಇಲ್ಲ. ಹಸುವಿನಿಂದ ಬಂದದ್ದು, ಹಸಿ ಹಾಲಿನಿಂದಲೂ ಕಂದು ಮುಟ್ಟಿದ ಕೈಯಿಂದಲೂ ಅಂಟುವ ರೋಗ ಅಂದಿದ್ದರು ಡಾಕ್ಟರು. ಈಗ ನಮ್ಮನೆ ರೂಮಿನಲ್ಲಿ ಇವರು ಬೆಚ್ಚಗೆ ಮಲಗಿದ್ದಾರೆ, ಹೊತ್ತು ಇಳಿಯುತ್ತಿದೆ.

"ಕಂದನ್ನ ಎತ್ತಿ ಹಾಕಿದ್ದು ಯಾರೇ?"

"ನಾನೇಯ, ಇನ್ಯಾರು ಎತ್ತಾರು?"

"ಬರೀ ಕೈಲಾ?"

"ಬಳೆ ಇತ್ತು" ಎಂದು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ಯಾಕತ್ಗೆ? ಅಣ್ಣಂಗೇನಾದ್ರೂ ಆಯ್ತದಾ?"

ಮಾರನೆಯ ದಿನ ಇಬ್ಬರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಇವರು ದಾರಿಯುದ್ದಕ್ಕೂ, "ಶೀತದ ಜ್ವರಕ್ಕೆ ನನ್ನ ತಂಗೀನ ಕಟಕಟೆಗೆ ನಿಲ್ಲಿಸ್ತಿದೀಯ" ಎಂದು ಗೊಣಗಿದರು. ಡಾಕ್ಟರು ಮಾತ್ರ ಗೊಣಗಲಿಲ್ಲ. ಇಬ್ಬರ ರಕ್ತವನ್ನೂ ತೆಗೆಸಿದರು, ಹಸುವಿನದನ್ನೂ ಪಶುವೈದ್ಯರಿಗೆ ಹೇಳಿ ತೆಗೆಸಿ ಅಂದರು.

ಆ ದಿನಗಳಲ್ಲಿ ನಾನು ಮನೆ ಕಸ ಗುಡಿಸುತ್ತಿದ್ದೆ, ಕಾಳು ಮೊಳಕೆ ಕಟ್ಟುತ್ತಿದ್ದೆ, ಏನು ಮಾಡಿದರೂ ಕಿವಿ ಅವರ ಕೆಮ್ಮಿನ ಮೇಲೆ. ದೀಪ ಹಚ್ಚಿದ ಮೇಲೆ ಯಾವುದೋ ನೆಪ ಮಾಡಿ ಅವರ ಹಣೆ ಮುಟ್ಟುತ್ತಿದ್ದೆ. ಫ್ರಿಜ್ಜಿನಲ್ಲಿ ಆ ಡಬ್ಬಿ ಬೆಳ್ಳಗೆ ಕೂತಿತ್ತು. ಚೆಲ್ಲಿದರೆ ನಾದಿನಿಗೆ ನೋವು, ಇಟ್ಟರೆ ನನಗೆ ಎದೆ ಬಡಿತ.

ಅಣ್ಣ ತಂಗಿ ಇಬ್ಬರ ರಕ್ತದಲ್ಲೂ ಏನೂ ಕಾಣಲಿಲ್ಲ. ಜ್ವರವೂ ಬಿಟ್ಟಿತ್ತು. ನಾನು ಉಸಿರು ಬಿಡುವಷ್ಟರಲ್ಲಿ ಡಾಕ್ಟರು, "ಇಷ್ಟು ಬೇಗ ಕಾಣದೇ ಇರಬಹುದು. ಕೆಲವು ವಾರ ಬಿಟ್ಟು ಇನ್ನೊಮ್ಮೆ ನೋಡೋಣ" ಅಂದರು. ಆ ಸಂಜೆ ನಾದಿನಿಯ ಫೋನ್ ಬಂತು. "ಅಸೀನ್ ರಕ್ತದಲ್ಲಿ ಆ ರೋಗ ಅದೆ ಅಂತೆ ಕಣತ್ಗೆ" ಅಂದಳು. ಫೋನ್ ಸ್ಪೀಕರಿನಲ್ಲಿತ್ತು. ಇವರೂ ಕೇಳಿಸಿಕೊಂಡರು. ಎದ್ದು ಹೋಗಿ ಫ್ರಿಜ್ಜಿನಿಂದ ಡಬ್ಬಿ ತೆಗೆದು, ಹಿತ್ತಲಲ್ಲಿ ಗುಂಡಿ ತೋಡಿ ಬೆಣ್ಣೆಯನ್ನು ಹೂತು ಬಂದು, ಸೋಪು ಹಾಕಿ ಕೈ ತೊಳೆದರು. ಮತ್ತೆ ತೊಳೆದರು.

ಮರುದಿನ ಬೆಳಿಗ್ಗೆ ಪ್ಯಾಕೆಟ್ಟಿನ ಹಾಲನ್ನು ಒಲೆಯ ಮೇಲಿಟ್ಟೆ. ಕಾಯಿಸಿ, ಆರಿಸಿ, ಹೆಪ್ಪು ಹಾಕಿ, ಕಡೆದು ಬೆಣ್ಣೆ ತೆಗೆಯುತ್ತೇನೆ, ತಿಂದರೆ ತಿನ್ನಲಿ, ಇಲ್ಲವಾದರೆ ತೆಂಗಿನಕಾಯಿ ಇದ್ದೇ ಇದೆ ಅಂದುಕೊಂಡಿದ್ದೆ. ಹಾಲು ಮೇಲೇರುವಾಗ ಉರಿ ಸಣ್ಣ ಮಾಡಲು ಕೈ ಚಾಚಿದೆ. ಬಾಗಿಲಲ್ಲಿ ಅವರು ಬಂದು ನಿಂತಿದ್ದರು.

"ಇರು, ಆರಿಸಬೇಡ" ಅಂದರು. "ಇನ್ನೂ ಒಂಚೂರು ಉಕ್ಕಲಿ."

ಎರಡನೆಯ ಪರೀಕ್ಷೆ ಇನ್ನೂ ಆಗಬೇಕು. ಅಲ್ಲಿಯವರೆಗೆ ಹೊತ್ತು ಇಳಿಯುತ್ತಿದ್ದಂತೆ ನನ್ನ ಕೈ ಅವರ ಹಣೆ ಹುಡುಕುತ್ತದೆ. ಈಗ ನೆಪ ಬೇಕಾಗಿಲ್ಲ. ಅವರೇ ಬಂದು ತಲೆ ಬಗ್ಗಿಸಿ ನಿಲ್ಲುತ್ತಾರೆ.