ಅಂಬಾರಾಯರ ಕ್ಯಾಂಪ್ ಗಾಡಿಯ ಬ್ರೇಕು

ಅದು 1993ನೇ ಇಸವಿ. ಕಲಬುರಗಿಯನ್ನು ಎಲ್ಲರೂ ಗುಲ್ಬರ್ಗಾ ಎಂದೇ ಕರೆಯುತ್ತಿದ್ದ ಕಾಲ. ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಬ್ರೇಕ್ ಕೆಲಸ ಕಲಿತು, ಅಲ್ಲಿಯ ಸೂಪರ್‌ವೈಸರ್ ಜೊತೆ ಜಗಳವಾಡಿ ನೌಕರಿ ಬಿಟ್ಟು, ಸ್ಟೇಶನ್ ಬಜಾರದ ಹಿಂದಿನ ಗಲ್ಲಿಯಲ್ಲಿ ನನ್ನದೇ ಗ್ಯಾರೇಜು ಇಟ್ಟಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಹಾಗಿದ್ದರೂ ಬ್ರೇಕ್ ಕೆಲಸಕ್ಕೆ ಜನ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ನಾನು ಮಾಡಿದ ಬ್ರೇಕು ಅದೇ ದೂರು ಹೊತ್ತು ಮತ್ತೆ ಬಂದದ್ದೇ ಇಲ್ಲ ಎಂದು ಚಹಾದಂಗಡಿಯಲ್ಲಿ ಕೊಚ್ಚಿಕೊಳ್ಳುತ್ತಿದ್ದೆ. ಅಂಬಾರಾಯರ ಗಾಡಿ ಮೂರು ಸಲ ಬಂತು.

ಅಂಬಾರಾಯರು ಊರಿನ ನೀರು ಸರಬರಾಜಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಜೇವರ್ಗಿ ಕಾಲೋನಿಯಲ್ಲಿ ಮನೆ. ಮಾತು ಕಡಿಮೆ. ಅವರ ಗಾಡಿ ಯಾವುದೋ ಸರ್ವೆ ಕಚೇರಿಯವರು ಹರಾಜು ಹಾಕಿದ ಹಳೆಯ ಡೀಸೆಲ್ ವ್ಯಾನು. ಅಧಿಕಾರಿಗಳು ಅಡವಿಯಲ್ಲಿ ಕ್ಯಾಂಪ್ ಹಾಕಿದಾಗ ಒಳಗೇ ಮಲಗಲು ಒಂದು ಮಂಚ, ನೀರಿನ ಟಾಕಿ, ಸ್ಟೋ ಇಡುವ ಕಟ್ಟೆ, ಡ್ರೈವರ್ ಸೀಟಿನ ಹಿಂದೆ ಒಂದು ದಪ್ಪ ಪರದೆ ಎಲ್ಲ ಇದ್ದವು. ನಮ್ಮ ಗಲ್ಲಿಯಲ್ಲಿ ಅದಕ್ಕೆ ಕ್ಯಾಂಪ್ ಗಾಡಿ ಎಂದೇ ಹೆಸರಾಯಿತು.

"ಬ್ರೇಕ್ ಒಮ್ಮೊಮ್ಮೆ ಹಿಡಿಯಂಗಿಲ್ರಿ ಮಿಸ್ತ್ರಿಯವರ. ಪೆಡಲ್ ಕಲ್ಲಾಗ್ತದ," ಎಂದರು.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಬ್ರೇಕ್ ವೀಕ್ ಎಂದರೆ ಎರಡು ತರಹ. ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ ಬ್ರೇಕ್ ಆಯಿಲ್ ಸೋರುತ್ತಿದೆ, ಇಲ್ಲವೇ ಲೈನಿನಲ್ಲಿ ಗಾಳಿ ಸೇರಿದೆ ಎಂದು ಅರ್ಥ. ಪೆಡಲ್ ಗಟ್ಟಿಯಾಗಿ, ಎಷ್ಟು ಒತ್ತಿದರೂ ಗಾಡಿ ನಿಲ್ಲದಿದ್ದರೆ ಅನುಮಾನ ಬೂಸ್ಟರಿನ ಮೇಲೆ. ಬೂಸ್ಟರ್ ಎಂದರೆ ಎಂಜಿನ್ನಿನ ಪಂಪು ಗಾಳಿಯನ್ನು ಎಳೆದುಕೊಳ್ಳುವ ಬಲದಿಂದ ನಮ್ಮ ಕಾಲಿನ ಒತ್ತಡವನ್ನು ಹೆಚ್ಚಿಸುವ ಡಬ್ಬಿ. ಆ ಎಳೆತ ಎಲ್ಲಿಯಾದರೂ ಸೋರಿದರೆ ಡ್ರೈವರನ ಕಾಲಷ್ಟೇ ಉಳಿಯುತ್ತದೆ. ಅಷ್ಟು ಭಾರದ ಗಾಡಿಗೆ ಒಂದು ಕಾಲು ಯಾವ ಲೆಕ್ಕ?

ಮೊದಲ ಸಲ ನಾಲ್ಕೂ ಚಕ್ರ ಬಿಚ್ಚಿದೆ. ಲೈನರ್ ಸವೆದು ಹೊಳೆಯುತ್ತಿದ್ದವು, ಬದಲಿಸಿದೆ. ಡ್ರಮ್ ಹದ ಮಾಡಿಸಿದೆ. ಬೂಸ್ಟರ್ ನೋಡಿದೆ, ಸರಿಯಿತ್ತು. ಗಾಡಿ ಗಲ್ಲಿಯಲ್ಲಿ ಬೆಕ್ಕಿನ ಹಾಗೆ ನಿಂತಿತು. ವಾರದೊಳಗೆ ಅಂಬಾರಾಯರು ಮತ್ತೆ ಬಂದರು. ಅದೇ ದೂರು. ಮಾಸ್ಟರ್ ಸಿಲಿಂಡರ್ ಬಿಚ್ಚಿ ಒಳಗಿನ ರಬ್ಬರುಗಳನ್ನೆಲ್ಲ ಹೊಸದು ಹಾಕಿದೆ. ನಾನೇ ಓಡಿಸಿ ನೋಡಿದೆ, ಒಂದು ದೋಷವೂ ಇಲ್ಲ. ಮೂರನೆಯ ಸಲ ಅವರು ಬಂದು ಗ್ಯಾರೇಜಿನ ಬಾಗಿಲಲ್ಲಿ ಸುಮ್ಮನೆ ನಿಂತಾಗ ನನಗೆ ರೇಗಿತು.

"ಗಾಡಿ ಹೊಡಿಯಾಕ ಬರ್ತದೇನ್ರಿ ನಿಮಗ? ಇಲ್ಲಿ ನಿಲ್ಲೋ ಗಾಡಿ ನಿಮ್ಮ ಕೈಯಾಗ ಯಾಕ ನಿಲ್ಲಂಗಿಲ್ಲ?"

ಆಗ ನನ್ನ ಜೊತೆಗಾರ, ನನಗಿಂತ ಹಿರಿಯ ಫಿಟ್ಟರ್ ಖಾದರ್ ಭಾಯಿ ಬಾನೆಟ್ ಕೆಳಗಿಂದಲೇ ಕರೆದ. "ಉಸ್ತಾದ್, ಈ ಕ್ಲಿಪ್ ನೋಡ್ರಿ. ದಿನಾ ಬಿಚ್ಚಿ ಹಾಕಿದಂಗ ಅದ." ಎಂಜಿನ್ನಿನಿಂದ ಬೂಸ್ಟರಿಗೆ ಹೋಗುವ ರಬ್ಬರ್ ಪೈಪಿನ ಕ್ಲಿಪ್ಪು ಅದು. ಗಾಡಿಯೆಲ್ಲ ಮಸಿ ಹಿಡಿದಿದ್ದರೂ ಅದರ ಸ್ಕ್ರೂ ಮಾತ್ರ ಹೊಸ ನಾಣ್ಯದಂತೆ ಹೊಳೆಯುತ್ತಿತ್ತು. ಆ ಕ್ಲಿಪ್ಪಿಗೆ ನಾನು ಕೈ ಹಾಕಿಯೇ ಇರಲಿಲ್ಲ.

"ಈ ಪೈಪಿಗೆ ಯಾರು ಕೈ ಹಚ್ಚ್ಯಾರ?" ಎಂದು ಕೇಳಿದೆ.

ಅಂಬಾರಾಯರು ಹತ್ತಿರ ಬಂದು ಆ ಕ್ಲಿಪ್ಪನ್ನು ಬೆರಳಿನಿಂದ ಮುಟ್ಟಿದರು. "ಐತವಾರ ಕಮಲಾಪುರಕ್ಕ ಹೊಂಟೀವ್ರಿ. ನೀವೂ ಬರ್ರಿ. ಖುದ್ದ ನೋಡ್ರಿ," ಎಂದರು.

ಭಾನುವಾರ ಅವರ ಪಕ್ಕದ ಸೀಟಿನಲ್ಲಿ ಕುಳಿತೆ. ಹಿಂದೆ ಪರದೆ ಇಳಿಬಿಟ್ಟಿತ್ತು. ಊರು ದಾಟಿ ಹುಮನಾಬಾದ ರಸ್ತೆ ಹಿಡಿದ ಮೇಲೆ ಅವರು ತಗ್ಗಿದ ದನಿಯಲ್ಲಿ ಹೇಳಿದರು. ಪರದೆಯ ಹಿಂದೆ ಅವರ ಹೆಂಡತಿ ರತ್ನಾಬಾಯಿ ಇದ್ದರು. ಶಾಲೆಯಲ್ಲಿ ಟೀಚರ್ ಆಗಿದ್ದವರು. ಗಂಟಲಿನ ಕ್ಯಾನ್ಸರ್ ಆಗಿ, ಸೊಲ್ಲಾಪುರದಲ್ಲಿ ಆಪರೇಶನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಈಗ ಉಸಿರಾಟ ಕತ್ತಿನ ಕೆಳಗೆ ಮಾಡಿದ ತೂತಿನಿಂದ. ಬಸ್ಸಿನ ಗದ್ದಲ, ಧೂಳು ತಾಳುವುದಿಲ್ಲ. ಕಮಲಾಪುರದಲ್ಲಿ ಆಕೆಯ ತಂಗಿಯ ಕೆಂಬಾಳೆ ತೋಟ. ವಾರಕ್ಕೊಮ್ಮೆ ಅಲ್ಲಿ ತಂಗಿಯ ಕೈ ಹಿಡಿದು ಕೂಡುವುದೊಂದೇ ಆಕೆಯ ಆಸೆ. ಅದಕ್ಕಾಗಿಯೇ ಈ ಗಾಡಿ ಕೊಂಡಿದ್ದರು.

ಕುರಿಕೋಟಾ ಸೇತುವೆಗೆ ಇಳಿಯುವ ಇಳಿಜಾರಿನಲ್ಲಿ ಪರದೆಯ ಹಿಂದೆ ಕೆಮ್ಮಿದಂತಾಯಿತು. ಅದು ಕೆಮ್ಮಿನ ಸದ್ದಲ್ಲ, ಬರೀ ಗಾಳಿಯ ಸದ್ದು. ಆಮೇಲೆ ಸ್ಟೀಲ್ ಲೋಟಕ್ಕೆ ಚಮಚದಿಂದ ಬಡಿದ ದನಿ. ಅಂಬಾರಾಯರ ಎಡಗೈ ಡ್ಯಾಶ್‌ಬೋರ್ಡಿನ ಕೆಳಗೆ ಹೋಗಿ ಒಂದು ಹಿತ್ತಾಳೆಯ ನಳವನ್ನು ತಿರುಗಿಸಿತು. ಸುಂಯ್ ಎಂಬ ಸದ್ದು ಎದ್ದಿತು. ಅಷ್ಟರಲ್ಲಿ ಎದುರಿಗೆ ತೊಗರಿ ಕಟ್ಟಿಗೆ ಹೇರಿದ ಚಕ್ಕಡಿಯೊಂದು ಹೊಲದಿಂದ ರಸ್ತೆಗೆ ಏರಿತು. ಅಂಬಾರಾಯರು ಬ್ರೇಕ್ ಒತ್ತಿದರು. ಸೀಟಿನಿಂದ ಎದ್ದು ಮೈಯ ಭಾರವನ್ನೆಲ್ಲ ಹಾಕಿದರೂ ಗಾಡಿ ಇಳಿಯುತ್ತಲೇ ಇತ್ತು. ನಾನು ಕೈ ಬ್ರೇಕ್ ಹಿಡಿದು ಜಗ್ಗಿದೆ. ಎತ್ತಿನ ಮುಖ ನಮ್ಮ ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ ನಿಂತೆವು. ನಾನು ಇಳಿದು ಬಾನೆಟ್ ಎತ್ತಿದೆ.

ಬೂಸ್ಟರಿನ ಪೈಪಿಗೆ ಅವರು ಒಂದು ಕವಲು ಕೊಟ್ಟಿದ್ದರು. ಎಂಜಿನ್ನಿನ ಅದೇ ಎಳೆತದಿಂದ, ಒಂದು ಗಾಜಿನ ಬಾಟಲಿಯ ಮೂಲಕ, ಹೆಂಡತಿಯ ಗಂಟಲಿನ ಕಫ ಎಳೆಯುವ ನಳಿಗೆಗೆ ಆ ಕವಲು ಹೋಗಿತ್ತು. ಕಫ ಕಟ್ಟಿದರೆ ಆಕೆಗೆ ಉಸಿರು ನಿಲ್ಲುತ್ತದೆ. ಕಾಲಿನಿಂದ ಒತ್ತುವ ಪಂಪು ಮನೆಯಲ್ಲಿತ್ತು. ಆದರೆ ಅದನ್ನು ಒತ್ತಲು ಆಕೆಗೆ ಶಕ್ತಿ ಇರಲಿಲ್ಲ, ಗಾಡಿ ಓಡಿಸುವವರಿಗೆ ಮೂರನೆಯ ಕಾಲು ಇರಲಿಲ್ಲ. ಗ್ಯಾರೇಜಿಗೆ ಬರುವ ಮುಂಚೆ ಪ್ರತಿ ಸಲ ಕವಲನ್ನು ಬಿಚ್ಚಿಟ್ಟು ಬರುತ್ತಿದ್ದರು.

"ಯಾಕ ಮುಚ್ಚಿಟ್ರಿ?" ಎಂದು ಕೂಗಿದೆ.

"ನಿಮ್ಮ ಕಡೆ ಬರೋಕಿಂತ ಮೊದಲ ಒಬ್ಬ ಮಿಸ್ತ್ರಿಗೆ ತೋರಿಸಿದ್ದೆ. ಬಾಟ್ಲಿ ನೋಡಿ ಮೂಗು ಮುಚ್ಕೊಂಡ. ಆಕಿ ನೋಡಿದಳ್ರಿ. ಎಂಟು ದಿನ ಮನಿ ಬಿಟ್ಟು ಹೊರಗ ಬರಲಿಲ್ಲ." ಹಿತ್ತಾಳೆಯ ನಳ ತೋರಿಸಿ, "ಒಂದು ಮೇನ್ ಲೈನಿಗೆ ಎರಡು ನಳ ನಡೀತಾವಂತ ತಿಳಿದಿದ್ದೆ," ಎಂದರು.

"ಓಣಿಗೆಲ್ಲ ನೀರು ಬಿಟ್ಟವರು ನೀವು. ಮುಂದಿನ ಮನ್ಯಾಗ ನಳ ಬಿಟ್ರ ಕಡೀ ಮನಿಗೆ ನೀರು ಬರ್ತದೇನ್ರಿ?"

ಅದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿದ್ದ ವಿಷಯ. ಹೆಂಡತಿಯ ಉಸಿರಿನ ಮುಂದೆ ಅವರು ಅದನ್ನು ಗೊತ್ತಿಲ್ಲವೆಂದು ಮಾಡಿಕೊಂಡಿದ್ದರು.

ಆಗ ಪರದೆ ಸರಿಯಿತು. ಬಿಳಿ ಬಟ್ಟೆ ಸುತ್ತಿದ ಕತ್ತು, ಬತ್ತಿದ ಮುಖ, ದೊಡ್ಡ ಕಣ್ಣು. ತಮ್ಮ ನಳಿಗೆಯಿಂದ ಬ್ರೇಕ್ ಸೋಲುತ್ತದೆ ಎಂದು ಆಕೆಗೆ ಗೊತ್ತಿರಲಿಲ್ಲ. ನನ್ನ ಕೂಗಾಟವನ್ನೆಲ್ಲ ಕೇಳಿಸಿಕೊಂಡಿದ್ದರು. ನನ್ನನ್ನು ನೋಡಿ, ಬ್ರೇಕ್ ಪೆಡಲಿನ ಕಡೆ ಬೆರಳು ತೋರಿಸಿ, ಆಮೇಲೆ ತಮ್ಮ ಕತ್ತು ಮುಟ್ಟಿಕೊಂಡು, ಹೌದೇ ಎಂಬಂತೆ ಹುಬ್ಬೇರಿಸಿದರು. ನಾನು ತಲೆಯಾಡಿಸಿದೆ. ಆಕೆ ಕೈಯಲ್ಲಿದ್ದ ನಳಿಗೆಯನ್ನು ಬಾಟಲಿಯಿಂದ ಕಿತ್ತು ಗಂಡನ ತೊಡೆಯ ಮೇಲಿಟ್ಟರು. ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ಗ್ಯಾರೇಜಿಗೆ ಮರಳಿದ ಮೇಲೆ, ಎಳೆತ ಕೂಡಿಡುವ ಬೇರೆ ಟಾಕಿ ಹಾಕಿ ಎರಡಕ್ಕೂ ಹಂಚಬಹುದು ಎಂದು ಖಾದರ್ ಭಾಯಿ ಹೇಳಿದ. ನಾನು ಒಪ್ಪಲಿಲ್ಲ. ಆ ಜೋಡಣೆ ಇಳಿಜಾರಿನಲ್ಲಿ ಕಿತ್ತುಹೋದರೆ ಮತ್ತೆ ಅದೇ ಗತಿ. ಬ್ರೇಕಿನ ಎಳೆತಕ್ಕೆ ಪಾಲುದಾರರು ಇರಬಾರದು. ಕವಲನ್ನು ಪೂರ್ತಿ ತೆಗೆದು ಹೊಸ ಪೈಪು ಹಾಕಿದೆ. ಇನ್ನು ಉಳಿದದ್ದು ಕಾಲಿನ ಪಂಪು. ಅದನ್ನು ಒತ್ತಲು ಅಂಬಾರಾಯರು ಹಿಂದೆ ಕೂಡಬೇಕು, ಮುಂದೆ ಬೇರೆ ಡ್ರೈವರ್ ಬೇಕು. ಹೊರಗಿನವರ ಎದುರು ಆಕೆ ಬರುವುದಿಲ್ಲ ಎಂದು ಅಂಬಾರಾಯರು ಹೇಳುತ್ತಿದ್ದಂತೆಯೇ ಗಾಡಿಯೊಳಗಿಂದ ರತ್ನಾಬಾಯಿ ನನ್ನ ಕಡೆ ಬೆರಳು ತೋರಿಸಿದರು.

ಹೀಗೆ ನಾನು ಭಾನುವಾರದ ಡ್ರೈವರ್ ಆದೆ. ಮನೆಯಲ್ಲಿ ಹೆಂಡತಿ, "ಮಂದಿಗೆ ಬೈಯೋದು ಬಿಟ್ಟು ಸೇವಾ ಚಾಲೂ ಮಾಡೀರಲ್ಲ!" ಎಂದು ಕಾಡಿದಳು. ಮೊದಲ ದಿನ ಅಂಬಾರಾಯರು ಮಂಚದ ಪಕ್ಕ ಕುಳಿತು, "ಇಷ್ಟು ದಿನ ಆಕಿಗೆ ಬೆನ್ನು ಮಾಡೇ ಕೂತಿದ್ದೆ ನೋಡ್ರಿ," ಎಂದರು. ಪರದೆ ಆಮೇಲೆ ಇಳಿಬಿಡಲೇ ಇಲ್ಲ.

ರತ್ನಾಬಾಯಿ ಗಂಡನ ಅಂಗೈ ಮೇಲೆ ಬೆರಳಿನಿಂದ ಬರೆಯುತ್ತಿದ್ದರು, ಅವರು ಗಟ್ಟಿಯಾಗಿ ಓದುತ್ತಿದ್ದರು. ಒಂದು ದಿನ ಹಿಂದಿನಿಂದ ಘೋಷಣೆಯಾಯಿತು: "ಟೀಚರ ನಿಮಗ ಅರವತ್ತು ಮಾರ್ಕ್ಸ್ ಕೊಟ್ಟಾರ್ರಿ. ಆ ಟರ್ನಿಂಗಿನ್ಯಾಗ ಬ್ರೇಕ್ ಝಟಕಾ ಹೊಡೀತಂತ." ಝಟಕಾ ಆದರೆ ನಳಿಗೆ ಅಲುಗಿ ಆಕೆಗೆ ನೋವಾಗುತ್ತಿತ್ತು. ಬ್ರೇಕಿನಲ್ಲೇ ಕೂದಲು ಬೆಳ್ಳಗಾದ ನನಗೆ ಅರವತ್ತು! ಮುಂದಿನ ವಾರ ಚಕ್ರಗಳನ್ನು ಮತ್ತೆ ಬಿಚ್ಚಿ ಅಡ್ಜಸ್ಟ್ ಮಾಡಿದೆ, ದೂರದಿಂದಲೇ ವೇಗ ಇಳಿಸುವುದನ್ನು ಹೊಸದಾಗಿ ಕಲಿತೆ. ಅರವತ್ತು ಎಪ್ಪತ್ತಾಯಿತು, ಬೇಸಿಗೆ ಕಳೆಯುವಷ್ಟರಲ್ಲಿ ತೊಂಬತ್ತಕ್ಕೆ ಬಂತು. ಅಲ್ಲಿಂದ ಮೇಲೇರಲಿಲ್ಲ. ಕಮಲಾಪುರದಲ್ಲಿ ತಂಗಿ ಕೆಂಬಾಳೆ ಹಣ್ಣನ್ನು ಹಾಲಿನಲ್ಲಿ ಕಿವುಚಿ ತಿನ್ನಿಸುತ್ತಿದ್ದರು, ಅಕ್ಕ ಆಡಬೇಕಿದ್ದ ಮಾತನ್ನೂ ತಾವೇ ಸೇರಿಸಿ ಆಡುತ್ತಿದ್ದರು. ವಾರ ವಾರಕ್ಕೆ ಆ ಹಣ್ಣಿನ ಅಳತೆ ಕಡಿಮೆಯಾಗುವುದನ್ನು ನಾವೆಲ್ಲ ನೋಡಿದೆವು.

ಮಳೆಗಾಲ ಹಿಡಿದ ಮೇಲೆ ರತ್ನಾಬಾಯಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದೆ. ಮುಂದಿನ ಭಾನುವಾರ ಕ್ಯಾಂಪ್ ಗಾಡಿ ಗ್ಯಾರೇಜಿನ ಮುಂದೆ ಬಂದು ನಿಂತಿತು. ಅಂಬಾರಾಯರು ಡ್ರೈವರ್ ಸೀಟಿನಿಂದ ಇಳಿದು, ಸುತ್ತು ಹಾಕಿ, ಹಿಂದೆ ಹತ್ತಿ ಖಾಲಿ ಮಂಚದ ಪಕ್ಕ ತಮ್ಮ ಜಾಗದಲ್ಲೇ ಕುಳಿತರು. "ನಡೀರಿ ಮಿಸ್ತ್ರಿಯವರ. ಆಕಿ ತಂಗಿ ಹಾದಿ ಕಾಯ್ತಿರ್ತಾರ."

ದಾರಿಯುದ್ದಕ್ಕೂ ನನ್ನ ಕಿವಿ ಲೋಟದ ದನಿಗೆ ಕಾಯುತ್ತಿತ್ತು. ಕುರಿಕೋಟಾ ಇಳಿಜಾರಿನಲ್ಲಿ ಅಡ್ಡ ಯಾರೂ ಇರಲಿಲ್ಲ. ಆದರೂ ದೂರದಿಂದಲೇ ಮೆಲ್ಲಗೆ ಬ್ರೇಕ್ ಒತ್ತುತ್ತ ಹೋದೆ. ಗಾಡಿ ಸೇತುವೆಯ ಮುಂದೆ ನಿಂತಾಗ ನಿಂತದ್ದು ನನಗೇ ಗೊತ್ತಾಗಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಸ್ಟಿಯರಿಂಗ್ ಹಿಡಿದುಕೊಂಡೇ, ತಿರುಗಿ ನೋಡದೆ ಕೇಳಿದೆ.

"ಟೀಚರ ಎಷ್ಟು ಕೊಡ್ತಿದ್ರು ಇವತ್ತು?"

ಹಿಂದಿನಿಂದ ಅಂಬಾರಾಯರು ಹೇಳಿದರು. "ತೊಂಬತ್ತ ರೀ. ಆಕಿ ನೂರು ಯಾರಿಗೂ ಕೊಡ್ತಿದ್ದಿಲ್ಲ."

ಆಮೇಲೆ ಎಷ್ಟೋ ವರ್ಷ ಗ್ಯಾರೇಜು ನಡೆಸಿದೆ. ಬ್ರೇಕ್ ವೀಕ್ ಎಂದು ಯಾರೇ ಬಂದರೂ ಬಾನೆಟ್ ಎತ್ತುವ ಮೊದಲು, ಹಿಂದಿನ ಸೀಟಿನಲ್ಲಿ ಯಾರು ಕೂಡುತ್ತಾರೆ ಎಂದು ಕೇಳುವುದು ನನಗೆ ರೂಢಿಯಾಯಿತು. ಖಾಲಿ ಗಾಡಿ ತನ್ನ ದೋಷ ತೋರಿಸುವುದಿಲ್ಲ. ಈಗ ಮಗ ಓಡಿಸುವ ಕಾರಿನಲ್ಲಿ ನಾನು ಹಿಂದೆ ಕೂಡುತ್ತೇನೆ. ಅವನು ಬ್ರೇಕ್ ಹಾಕಿದಾಗಲೆಲ್ಲ ಮನಸ್ಸಿನಲ್ಲೇ ಅಂಕ ಕೊಡುತ್ತೇನೆ. ತೊಂಬತ್ತರ ಮೇಲೆ ಇನ್ನೂ ಕೊಟ್ಟಿಲ್ಲ.